ಮೈದಾನಕ್ಕಾಗಿ ನಾನು ಓಟಿಗೆ ನಿಂತದ್ದು

ಸರ್ವೆಯವರು ಬಂದ ಸಂಜೆ ನಮ್ಮ ಟೀಮಿನವರು ಕಾರ್ನರ್ ಕಿಕ್ ಅಭ್ಯಾಸ ಮಾಡುತ್ತಿದ್ದರು. ನನ್ನ ಹೊಲಿಗೆ ಅಂಗಡಿಯ ಹಿಂದಿನ ಕಿಟಕಿ ತೆರೆದರೆ ಎದುರಿಗೇ ಫುಟ್ಬಾಲ್ ಮೈದಾನ. ಇಬ್ಬರು ಟೇಪು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಮೂರನೆಯವನು ಗೋಲಿನ ಮುಂದೆ, ಪೆನಾಲ್ಟಿ ಹೊಡೆಯುವ ಜಾಗದ ಪಕ್ಕದಲ್ಲಿ, ಕೆಂಪು ಬಣ್ಣ ಬಳಿದ ಗೂಟವೊಂದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದ. ಗೋಲ್‌ಕೀಪರ್ ಗೂಟವನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಬಂದ ಚೆಂಡು ಅವನ ಪಕ್ಕದಿಂದ ಹಾದು ಗೋಲಿನೊಳಗೆ ಹೋಯಿತು. ಯಾರೂ ಕೂಗಲಿಲ್ಲ.

ನಾನು ಹೊಲಿಯುತ್ತಿದ್ದ ಬ್ಲೌಸನ್ನು ಯಂತ್ರದಲ್ಲೇ ಬಿಟ್ಟು ಕಾಂಪೌಂಡ್ ಗೋಡೆಯ ತನಕ ಹೋದೆ.

“ಏನ್ರೀ ಅದು, ಗೂಟ ಯಾಕ?”

“ಕಾಂಪ್ಲೆಕ್ಸ್ ಬರ್ತೈತಮ್ಮ. ಕೆಳಗ ಅಂಗಡಿ, ಮ್ಯಾಲ ಕಲ್ಯಾಣ ಮಂಟಪ. ನಿಮ್ಮ ಓಣಿಗೆ ಚಲೋನ ಆತು ಬಿಡ್ರಿ,” ಎಂದ ಸುತ್ತಿಗೆಯವನು.

ನಮ್ಮದು ಹೊಸಪೇಟೆಯಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ಸಿಗುವ ಸಣ್ಣ ಊರು. ಹೆಸರು ಬೇಡ, ಅದಿರಿನ ಧೂಳು ಬೀಳುವ ಊರುಗಳೆಲ್ಲ ನೋಡಲು ಒಂದೇ ತರಹ. ಲಾರಿಗಳಿಗೆ ಬುಟ್ಟಿಯಲ್ಲಿ ಅದಿರು ತುಂಬುತ್ತಿದ್ದ ನಮ್ಮ ಅಜ್ಜಂದಿರ ಕಾಲದವರು ಕೆಲಸ ಮುಗಿಸಿ ಬಂದು ಅದೇ ಕೈಯಿಂದ ಕಲ್ಲು ಆರಿಸಿ ಆ ಮೈದಾನ ಮಾಡಿಕೊಂಡರು. ಜಾಗ ಪಟ್ಟಣ ಪಂಚಾಯಿತಿಯದು, ಆಟ ನಮ್ಮದು. ನನ್ನ ಅಪ್ಪ ಅಲ್ಲಿ ಆಡಿದ್ದ, ತಮ್ಮ ಆಡಿದ್ದ. ಟೀಮಿನ ಜರ್ಸಿ ಹದಿನೈದು ವರ್ಷದಿಂದ ನಾನೇ ಹೊಲಿಯುತ್ತಿದ್ದೆ. ಬಿಳಿ ಬಟ್ಟೆ ಒಂದೇ ಆಟಕ್ಕೆ ಕೆಂಪಾಗುತ್ತದೆಂದು ಮೊದಲೇ ಕೆಂಗಂದು ಬಣ್ಣ ಆರಿಸಿದವಳೂ ನಾನೇ. ಆದರೆ ಆಟವನ್ನು ಯಾವತ್ತೂ ಕಿಟಕಿಯಿಂದಲೇ ನೋಡಿದ್ದೆ. ನಮ್ಮೂರ ಹೆಂಗಸರು ಮೈದಾನದೊಳಗೆ ಹೋಗುತ್ತಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಹೋಗುವುದೂ ಇರಲಿಲ್ಲ, ಅಷ್ಟೆ.

ಆ ವಾರ ಟೀಮಿನವರು, ಅಭಿಮಾನಿಗಳು ಸೇರಿ ಮೂರು ಮನವಿ ಕೊಟ್ಟರು. ಮೂರನ್ನೂ ಬರೆದವರು ನಮ್ಮ ಆಚಾರ್ರು. ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಣೆಯ ಮೇಲೆ ನಾಮ, ಅಂಗಾರ, ಹೆಗಲ ಮೇಲೆ ಮಡಿಸಿದ ಶಲ್ಯ. ಮಾತು ಬಲು ಮೃದು. ಆದರೆ ರೆಫರಿ ತಪ್ಪು ಸೀಟಿ ಊದಿದನೋ, ಅವರ ಬಾಯಿಂದ ಹೊರಡುವ ಬೈಗುಳಕ್ಕೆ ಲಾರಿ ಡ್ರೈವರುಗಳೂ ಕಿವಿ ಮುಚ್ಚಿಕೊಳ್ಳಬೇಕು. ಮನವಿಗಳಿಗೆ ಉತ್ತರ ಬರಲಿಲ್ಲ. ಅದರ ಬದಲು ಪಂಚಾಯಿತಿ ಚುನಾವಣೆ ಬಂತು.

“ಅರ್ಜಿ ಕೊಟ್ಟು ಬಾಗಿಲ ಹೊರಗ ನಿಂತದ್ದು ಸಾಕು. ನಮ್ಮೋನೊಬ್ಬನ್ನ ಒಳಗ ಕಳಸಾಣ,” ಎಂದ ಟೀಮಿನ ಹಳೆಯ ಕ್ಯಾಪ್ಟನ್. ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿನ ಬಸ್ಸು ಓಡಿಸುವವನು, ಮೊಣಕಾಲು ಕೆಟ್ಟ ಮೇಲೂ ಸಂಜೆ ತಪ್ಪದೆ ಮೈದಾನಕ್ಕೆ ಬರುವವನು. ತಾನೇ ನಿಲ್ಲುತ್ತೇನೆಂದು ಫೋಟೊ ಕೂಡ ತೆಗೆಸಿಕೊಂಡಿದ್ದ. ಮೀಸಲಾತಿ ಪಟ್ಟಿ ಬಂದ ದಿನ ಆ ಫೋಟೊ ಕಿಸೆಯಲ್ಲೇ ಉಳಿಯಿತು. ನಮ್ಮ ವಾರ್ಡು ಮಹಿಳೆಗೆ ಮೀಸಲಾಗಿತ್ತು.

ಮರುದಿನ ಮಧ್ಯಾಹ್ನ ಆಚಾರ್ರು, ಕ್ಯಾಪ್ಟನ್, ಅವರ ಹಿಂದೆ ಟೀಮಿನ ಏಳೆಂಟು ಜನ ನನ್ನ ಅಂಗಡಿಗೆ ಬಂದರು. ಜರ್ಸಿಯ ಅಳತೆಗೆ ಬಂದಿದ್ದಾರೆಂದು ನಾನು ಟೇಪು ಕೈಗೆ ತೆಗೆದುಕೊಂಡೆ.

“ಟೇಪು ಕೆಳಗಿಡು ತಂಗಿ,” ಎಂದರು ಆಚಾರ್ರು. “ನೀನು ಚುನಾವಣೆಗೆ ನಿಲ್ಲಬೇಕು.”

ನನಗೆ ನಗು ಬಂತು. “ನಾನಾ? ಯಾಕ, ಊರಾಗ ಬ್ಯಾರೆ ಹೆಂಗಸರು ಇಲ್ಲೇನ್ರೀ?”

“ಅದಾರ,” ಎಂದ ಕ್ಯಾಪ್ಟನ್. “ಆಫ್‌ಸೈಡ್ ಅಂದ್ರ ಏನಂತ ಗೊತ್ತಿರಾಕಿ ನೀ ಒಬ್ಬಾಕಿನ ಅಕ್ಕಾ.”

ಮನೆಯಲ್ಲಿ ಗಂಡ ಎರಡನೇ ಶಿಫ್ಟಿಗೆ ಹೊರಡುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ವಿಷಯ ಕೇಳಿ ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಿ, “ಸೋತ್ರ ನಗತಾರ. ಗೆದ್ರ ಮನೀಗೆ ಬರ್ತಾರ. ನೋಡು,” ಎಂದರು. ಬೇಡ ಎನ್ನಲಿಲ್ಲ. ಅತ್ತೆಯ ಅಪ್ಪಣೆಯೇ ಕಷ್ಟವೆಂದುಕೊಂಡಿದ್ದೆ. ಅವರಿಗೆ ಫುಟ್ಬಾಲ್ ಕಂಡರಾಗದು. ಚೆಂಡು ಬಿದ್ದು ಎರಡು ಸಲ ನಮ್ಮ ಹೆಂಚು ಒಡೆದಿತ್ತು. ಅಕ್ಕಿ ಆರಿಸುತ್ತ ಕೇಳಿದರು: “ಕಲ್ಯಾಣ ಮಂಟಪ ಆದ್ರ ದಿನಾ ಮೈಕ್ ಹಚ್ತಾರೇನು?” ಹೌದೆಂದೆ. “ಹಂಗಾದ್ರ ನಿಲ್ಲವ್ವಾ. ಹೆಂಚು ಬ್ಯಾಕಾದ್ರ ಹೊಸಾವು ಹಾಕ್ಕೊಳ್ಳಾಣ.”

ನಾಮಪತ್ರ ಸಲ್ಲಿಸಿದ ಮೇಲೆ ಗುರುತಿನ ಪ್ರಶ್ನೆ ಬಂತು. ಪಕ್ಷೇತರರಿಗೆ ಕೊಡುವ ಪಟ್ಟಿಯಲ್ಲಿ ಕ್ರಿಕೆಟ್ ಬ್ಯಾಟ್ ಇತ್ತು, ಫುಟ್ಬಾಲ್ ಇರಲಿಲ್ಲ. “ಬ್ಯಾಟ್ ತಗೊಂಡ್ರ ನಾನೂ ನಿನಗ ಓಟ್ ಹಾಕಂಗಿಲ್ಲ,” ಎಂದ ಕ್ಯಾಪ್ಟನ್. ಎಲ್ಲರಿಗೂ ಸೀಟಿ ಬೇಕಿತ್ತು. ಮೆರವಣಿಗೆಯಲ್ಲಿ ಊದಬಹುದೆಂಬ ಆಸೆ. ಅದನ್ನು ಇನ್ನೊಬ್ಬ ಪಕ್ಷೇತರ ಅಭ್ಯರ್ಥಿಯೂ ಕೇಳಿದ್ದರಿಂದ ಚೀಟಿ ಎತ್ತಿದರು, ನಮಗೆ ಸಿಗಲಿಲ್ಲ. ನನ್ನ ಎರಡನೇ ಆಯ್ಕೆ ಹೊಲಿಗೆ ಯಂತ್ರವಾಗಿತ್ತು. ಅದು ಸಿಕ್ಕಿದಾಗ ಹುಡುಗರ ಮುಖ ನೋಡಬೇಕಿತ್ತು, ಫೈನಲಿನಲ್ಲಿ ಪೆನಾಲ್ಟಿ ಹೊರಗೆ ಹೊಡೆದವರ ಹಾಗೆ.

ಪ್ರಚಾರದ ಮೊದಲ ದಿನವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೆಂಗಂದು ಜರ್ಸಿ ತೊಟ್ಟ ಇಪ್ಪತ್ತು ಗಂಡಸರ ನಡುವೆ ನಾನು. ಕ್ಯಾಪ್ಟನ್ ಪ್ರತಿ ಬಾಗಿಲಲ್ಲೂ ನಿಂತು ನಮ್ಮ ಟೀಮು ಯಾವ್ಯಾವ ಊರಿನಲ್ಲಿ ಯಾವ್ಯಾವ ಕಪ್ಪು ಗೆದ್ದಿದೆ ಎಂದು ಒಪ್ಪಿಸುತ್ತಿದ್ದ. ಮೂರನೇ ಓಣಿಯಲ್ಲಿ ರೊಟ್ಟಿ ತಟ್ಟುತ್ತಿದ್ದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಆಡೋರು ನೀವು, ಗೆಲ್ಲೋರು ನೀವು, ನೋಡೋರೂ ನೀವ. ಓಟ್ ಮಾತ್ರ ನಾವು ಹಾಕಬೇಕೇನು? ಕಾಂಪ್ಲೆಕ್ಸ್ ಆದ್ರ ನನ್ನ ಮಗಳಿಗೆ ಒಂದು ಅಂಗಡಿಯಾಗ ಕೆಲಸ ಸಿಗಬಹುದು. ನಿಮ್ಮ ಮೈದಾನದಿಂದ ನಮಗ ಏನ್ ಸಿಗತೈತಿ, ಹೇಳ್ರಿ?”

ಕ್ಯಾಪ್ಟನ್ ನನ್ನ ಮುಖ ನೋಡಿದ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕರಪತ್ರ ಕೊಟ್ಟು ಮುಂದೆ ಹೋದೆವು. ನನ್ನ ಕಾಲು ಮಾತ್ರ ಮುಂದೆ ಹೋಗುತ್ತಿತ್ತು.

ಮನೆಗೆ ಬಂದು ರಾತ್ರಿಯೆಲ್ಲ ಯೋಚಿಸಿದೆ. ನಮ್ಮ ಓಣಿಗಳಲ್ಲಿ ಹೆಂಗಸರಿಗೆ ನಾಲ್ಕು ಹೆಜ್ಜೆ ಆರಾಮಾಗಿ ನಡೆಯಲು ಜಾಗವಿಲ್ಲ. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದರೆ ನಮ್ಮವರು ಲಾರಿ ಓಡಾಡುವ ರಸ್ತೆಯಂಚಿನಲ್ಲಿ ಸೆರಗು ಮೂಗಿಗೆ ಹಿಡಿದು ನಡೆಯುತ್ತಿದ್ದರು. ಪಕ್ಕದಲ್ಲೇ ಅಷ್ಟು ದೊಡ್ಡ ಮೈದಾನ.

ಬೆಳಿಗ್ಗೆ ಎಲ್ಲರನ್ನೂ ಕರೆದು ಹೇಳಿದೆ: “ನಾಳಿಂದ ಮುಂಜಾನಿ ಐದೂವರಿಯಿಂದ ಏಳರ ತನಕ ಮೈದಾನ ಹೆಂಗಸರದು. ಸಂಜಿ ನಿಮ್ಮದು.”

“ಮುಂಜಾನಿ ನಮ್ಮ ಪ್ರ್ಯಾಕ್ಟೀಸ್ ಐತಿ ಅಕ್ಕಾ,” ಎಂದ ಗೋಲ್‌ಕೀಪರ್.

“ಏಳರ ಮ್ಯಾಲ ಮಾಡ್ರಿ.”

“ಅದು ಆಗಂಗಿಲ್ಲ,” ಎಂದು ಕ್ಯಾಪ್ಟನ್ ಎದ್ದು ನಿಂತ. “ಮೈದಾನ ಉಳಸಾಕ ನಿನ್ನ ನಿಲ್ಸೀವಿ. ಹಂಚಾಕಲ್ಲ.”

ನನಗೂ ಸಿಟ್ಟು ನೆತ್ತಿಗೇರಿತು. “ಹಂಗಾದ್ರ ಓಣಿ ನೀವ ತಿರುಗ್ರಿ. ನಾ ಮಷೀನ್ ಬಿಟ್ಟು ಪ್ರಚಾರಕ್ಕ ಬರಂಗಿಲ್ಲ.”

ಆಚಾರ್ರು ಶಲ್ಯದಿಂದ ಕನ್ನಡಕ ಒರೆಸಿಕೊಂಡು ಮೆಲ್ಲಗೆ ಅಂದರು: “ನಮ್ಮ ವಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಓಟು ಹೆಂಗಸರದು. ಇಷ್ಟು ವರ್ಷ ಅವರನ್ನು ಗೋಡೆಯಾಚೆ ನಿಲ್ಲಿಸಿ ಆಡಿದವರು ನಾವು. ಇದಕ್ಕೆ ಸೀಟಿ ಊದೋ ರೆಫರಿ ಸಿಕ್ಕಿರಲಿಲ್ಲ. ಈಗ ಊದಿದ್ದಾಳೆ. ತಪ್ಪು ನಮ್ಮದೇ.” ಅವರು ರೆಫರಿಯ ಪರ ಮಾತಾಡಿದ್ದನ್ನು ನಾವೆಲ್ಲ ಮೊದಲ ಸಲ ಕೇಳಿದ್ದು. ಕ್ಯಾಪ್ಟನ್ ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ಬೆಳಿಗ್ಗೆ ನಾನು, ಅತ್ತೆ, ಪಕ್ಕದ ಮನೆಯ ಇಬ್ಬರು ಮೈದಾನಕ್ಕೆ ಹೋದೆವು. ಕ್ಯಾಪ್ಟನ್ ನಮಗಿಂತ ಮೊದಲೇ ಬಂದಿದ್ದ. ಕೈಯಲ್ಲಿ ನೀರಿನ ಪೈಪು. ಧೂಳು ಏಳದಂತೆ ಅಂಚಿನುದ್ದಕ್ಕೂ ನೀರು ಹೊಡೆಯುತ್ತಿದ್ದ. “ಜಾರ್ತೈತಿ, ನೋಡ್ಕೊಂಡು ನಡೀರಿ ಅಮ್ಮಾ,” ಎಂದು ಅತ್ತೆಗೆ ಹೇಳಿದ. ಅಷ್ಟೇ ನಮ್ಮ ರಾಜಿ.

ಮೊದಲ ದಿನ ನಾಲ್ವರು. ಮೂರನೇ ದಿನ ಮೂವತ್ತು. ವಾರ ಕಳೆಯುವುದರೊಳಗೆ ಎಣಿಸುವುದನ್ನು ಬಿಟ್ಟೆವು. ನಡೆಯುವವರು ನಡೆದರು, ಕೂತು ಹರಟುವವರು ಹರಟಿದರು. ಒಂದು ಬೆಳಿಗ್ಗೆ ಗೋಲ್‌ಕೀಪರ್ ಮರೆತು ಬಿಟ್ಟ ಚೆಂಡು ಅಲ್ಲೇ ಬಿದ್ದಿತ್ತು. ರೊಟ್ಟಿ ಹಿಟ್ಟಿನ ಕೈಯಲ್ಲಿ ನನ್ನನ್ನು ಕೇಳಿದ್ದಳಲ್ಲ, ಆಕೆಯೇ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಒಂದು ಒದ್ದಳು. ಚೆಂಡು ಎಲ್ಲಿಗೋ ಹೋಯಿತು, ಚಪ್ಪಲಿ ಇನ್ನೆಲ್ಲಿಗೋ ಹೋಯಿತು. ನಗೆ ಎಷ್ಟು ಜೋರಾಗಿ ಎದ್ದಿತೆಂದರೆ ಓಣಿಯ ನಾಯಿಗಳೆಲ್ಲ ಬೊಗಳತೊಡಗಿದವು. ನಾನೂ ಓಡಿದೆ. ನಲವತ್ತು ದಾಟಿದ ಮೇಲೆ ಮೊದಲ ಸಲ, ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಓಡಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ನಿಲ್ಲಬೇಕೆನಿಸುತ್ತಿರಲಿಲ್ಲ.

ಅಲ್ಲಿಂದ ಪ್ರಚಾರದ ಬಣ್ಣವೇ ಬದಲಾಯಿತು. ಹೆಂಗಸರು ಮುಂದೆ, ಟೀಮಿನವರು ಹಿಂದೆ. ಗಂಡಸರು ಚೆಂಡನ್ನು ಕಾಲಿನಿಂದ ತಟ್ಟುತ್ತ ಓಣಿಯುದ್ದಕ್ಕೂ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರೆ ಕಟ್ಟೆಗಳ ಮೇಲೆ ಕೂತವರು ಚಪ್ಪಾಳೆ ಹೊಡೆಯುತ್ತಿದ್ದರು. “ಗುರುತು ಯಾವುದು?” ಎಂದು ಅತ್ತೆ ಕೂಗಿದರೆ “ಹೊಲಿಗಿ ಮಷೀನು!” ಎಂದು ಓಣಿಯೇ ಉತ್ತರಿಸುತ್ತಿತ್ತು. ಸೀಟಿ ಸಿಗಲಿಲ್ಲವೆಂದು ಮುನಿಸಿಕೊಂಡಿದ್ದ ಹುಡುಗರಿಗೆ ಈಗ ಬೇರೆ ಲೆಕ್ಕ ತಿಳಿದಿತ್ತು: ವಾರ್ಡಿನ ಮುಕ್ಕಾಲು ಮನೆಯ ಹೆಂಗಸರ ಬ್ಲೌಸು ನನ್ನ ಯಂತ್ರದಲ್ಲೇ ಹೊಲಿದದ್ದು.

ಎದುರಾಳಿಯದೂ ಕೂಡ. ಆಕೆ ದೊಡ್ಡ ಪಕ್ಷವೊಂದರ ಅಭ್ಯರ್ಥಿ, ಗುತ್ತಿಗೆದಾರನ ಹೆಂಡತಿ, ನನ್ನ ಹಳೆಯ ಗಿರಾಕಿ. ಪ್ರಚಾರ ಬಿಸಿಯೇರಿದ್ದ ಒಂದು ಮಧ್ಯಾಹ್ನ ಒಬ್ಬಳೇ ಅಂಗಡಿಗೆ ಬಂದು ಬಟ್ಟೆ ಮುಂದಿಟ್ಟಳು.

“ನಾಡಿದ್ದು ದೊಡ್ಡ ಸಭಾ ಐತಿ. ಅಷ್ಟ್ರಾಗ ಆಕೈತೇನು? ಬ್ಯಾರೆಯವರು ಹೊಲದ್ರ ನನಗ ಸರಿ ಕೂಡಂಗಿಲ್ಲ.”

ಅಳತೆ ತೆಗೆಯುವಾಗ ಇಬ್ಬರಿಗೂ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಕೊನೆಗೆ ಆಕೆಯೇ ಅಂದಳು: “ಕಾಂಪ್ಲೆಕ್ಸ್ ಕಟ್ಟೋದು ಬಿಡೋದು ನನಗೇನು ಗೊತ್ತಿಲ್ಲವ್ವಾ. ನಿಲ್ಲು ಅಂದ್ರು, ನಿಂತೀನಿ. ನೀನು?”

“ನನಗೂ ನಿಲ್ಲು ಅಂದ್ರು,” ಎಂದೆ. “ಆದ್ರ ಈಗ ನನಗ ಗೆಲ್ಲಬೇಕು ಅನಿಸ್ತೈತಿ.”

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅದನ್ನು ಗಂಡನಿಗೂ ಹೇಳಿರಲಿಲ್ಲ. ಬ್ಲೌಸನ್ನು ಹೇಳಿದ ದಿನಕ್ಕೆ ಹೊಲಿದು ಕೊಟ್ಟೆ. ಸಭೆಯಲ್ಲಿ ಅದು ಅವಳಿಗೆ ಚೆನ್ನಾಗಿಯೇ ಒಪ್ಪಿತ್ತು.

ಮತದಾನದ ದಿನ ಮಧ್ಯಾಹ್ನದವರೆಗೂ ಎಲ್ಲ ಸುಸೂತ್ರ. ನಮ್ಮ ಚಿಂತೆಯಿದ್ದದ್ದು ಶಿಫ್ಟಿನವರದು. ವಾರ್ಡಿನ ನಲವತ್ತು ಜನ ಗುತ್ತಿಗೆ ಕೆಲಸಗಾರರು ಮೊದಲನೇ ಶಿಫ್ಟಿಗೆ ಹೋಗಿದ್ದರು. ನನ್ನ ಗಂಡನೂ ಅದರಲ್ಲಿ. ಎರಡಕ್ಕೆ ಶಿಫ್ಟು ಬಿಟ್ಟರೆ ಮೂರೂವರೆಗೆ ಬಸ್ಸು ಊರು ಸೇರುತ್ತದೆ, ಮತದಾನ ಐದರ ತನಕ. ಅವರ ದಿನದ ಬಸ್ಸು ಅದು, ಓಡಿಸುವವನು ನಮ್ಮ ಕ್ಯಾಪ್ಟನ್. “ಬಸ್ಸಿಗೆ ಬಾವುಟ ಬೇಡ, ನೀನು ಪ್ರಚಾರದ ಮಾತೂ ಆಡಬೇಡ. ದಿನಾ ಬರೋ ಹಾಗೆ ಬಾ,” ಎಂದು ಆಚಾರ್ರು ಹತ್ತು ಸಲ ಹೇಳಿ ಕಳಿಸಿದ್ದರು.

ಮೂರೂವರೆ ಆಯಿತು. ನಾಲ್ಕಾಯಿತು. ಬಸ್ಸಿಲ್ಲ. ಗಂಡನಿಗೆ ಫೋನು ಹಚ್ಚಿದೆ.

“ರೈಲ್ವೆ ಗೇಟ್ ಹತ್ರ ಅದಿರಿನ ಲಾರಿ ಅಡ್ಡ ಬಿದ್ದೈತಿ. ಹಿಂದ ಮುಂದ ಎಲ್ಲ ಜಾಮ್. ಕ್ಯಾಪ್ಟನ್ ಇಳಿದು ಲಾರಿಗಳನ್ನ ಒಂದೊಂದ ಹಿಂದಕ್ಕ ತೆಗಸಾಕತ್ಯಾನ!”

ನಾಲ್ಕೂವರೆ. ಆಚಾರ್ರು ಶಾಲೆಯ ಮತಗಟ್ಟೆಯಿಂದ ದೂರದಲ್ಲಿ, ಬೇವಿನ ಮರದ ಕೆಳಗೆ ಅತ್ತಿಂದಿತ್ತ ಓಡಾಡುತ್ತ ಗಡಿಯಾರ ನೋಡುತ್ತಿದ್ದರು. ಅತ್ತೆ ದೇವರಿಗೆ ಏನೇನೋ ಹರಕೆ ಹೊತ್ತರು, ಒಂದನ್ನೂ ನನಗೆ ಹೇಳಲಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿತು. ಬಸ್ಸು ಮೈದಾನದ ಪಕ್ಕದ ಮಾಮೂಲಿ ನಿಲ್ದಾಣದಲ್ಲೇ ನಿಂತಿತು. ಬಾಗಿಲು ಪೂರ್ತಿ ತೆರೆಯುವ ಮೊದಲೇ ಹೆಲ್ಮೆಟ್ಟು, ಟಿಫಿನ್ ಡಬ್ಬಿ ಹಿಡಿದ ಗಂಡಸರು ಧುಮುಕಿದರು. ಅಲ್ಲಿಂದ ಶಾಲೆಗೆ ಮೈದಾನದ ಅಡ್ಡ ದಾರಿಯೇ ಹತ್ತಿರ. ನಲವತ್ತು ಜನ ಭಾರದ ಸುರಕ್ಷತಾ ಬೂಟಿನಲ್ಲಿ ಒಂದು ಗೋಲಿನಿಂದ ಇನ್ನೊಂದು ಗೋಲಿನತ್ತ ಓಡಿದರು. ಗೋಡೆಯ ಮೇಲೆ ನಿಂತ ಹೆಂಗಸರು “ಓಡ್ರಿ! ಓಡ್ರಿ!” ಎಂದು ಗಂಟಲು ಹರಿಯುವಂತೆ ಕೂಗಿದರು. ನನ್ನ ಗಂಡ ಮಧ್ಯದಲ್ಲೊಮ್ಮೆ ಮುಗ್ಗರಿಸಿ, ಡಬ್ಬಿ ಬಿಟ್ಟು, ಎದ್ದು ಮತ್ತೆ ಓಡಿದ್ದನ್ನು ನೋಡಿದೆ. ಎಲ್ಲರಿಗಿಂತ ಹಿಂದೆ, ಕೆಟ್ಟ ಮೊಣಕಾಲು ಎಳೆದುಕೊಂಡು ಕ್ಯಾಪ್ಟನ್.

ಐದು ಹೊಡೆದಾಗ, ಆಮೇಲೆ ಬಂದವರು ಸಾಲಿಗೆ ಸೇರದಂತೆ, ನಿಂತವರಿಗೆಲ್ಲ ಅಧಿಕಾರಿ ಹಿಂದಿನಿಂದ ಚೀಟಿ ಹಂಚುತ್ತ ಬಂದರು. ಕೊನೆಯವನಾಗಿದ್ದ ಕ್ಯಾಪ್ಟನ್ನಿಗೆ ಮೊದಲ ಚೀಟಿ.

ಎಣಿಕೆಯ ದಿನ ಬಂತು. ವಾರ್ಡಿಗೆ ಎರಡು ಮತಗಟ್ಟೆ. ಮೊದಲನೆಯದರಲ್ಲಿ ನಾನು ನಲವತ್ತೆರಡು ಮತ ಹಿಂದೆ. ಆಚಾರ್ರು ಕಣ್ಣು ಮುಚ್ಚಿಕೊಂಡು ಏನೋ ಸ್ತೋತ್ರ ಗುನುಗುತ್ತಿದ್ದರು. ಎರಡನೆಯ ಯಂತ್ರದ ಲೆಕ್ಕವನ್ನು ಅಧಿಕಾರಿ ಓದಿ ಹೇಳಿದರು, ಎದುರಾಳಿಯವರ ಕೋರಿಕೆಯಂತೆ ಇನ್ನೊಮ್ಮೆ ಓದಿದರು. ಹತ್ತೊಂಬತ್ತು ಮತಗಳಿಂದ ನಾನು ಗೆದ್ದಿದ್ದೆ. ಸ್ತೋತ್ರ ಅರ್ಧಕ್ಕೆ ನಿಂತಿತು. ಅದರ ಜಾಗದಲ್ಲಿ ಆಚಾರ್ರ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಖುಷಿಯ ಮಾತೇ, ಆದರೆ ರೆಫರಿಗೆ ಹೇಳುವಂಥದ್ದು. ಹೊರಗೆ ಹುಡುಗರು ನನ್ನನ್ನು ಹೆಗಲ ಮೇಲೆ ಎತ್ತಲು ಬಂದರು. ಅತ್ತೆ ಅಡ್ಡ ನಿಂತು, “ಆಕಿ ಏನು ಕಪ್ಪಾ ನಿಮಗ? ಕೆಳಗಿಳಸ್ರಿ!” ಎಂದು ಗದರಿದರು.

ಗೆದ್ದದ್ದು ಒಬ್ಬಳು. ಪಂಚಾಯಿತಿಯಲ್ಲಿ ಒಂದು ಓಟಿಗೆ ಏನು ಬೆಲೆ ಎಂದುಕೊಂಡಿದ್ದೆ. ಸಂಜೆಯ ಹೊತ್ತಿಗೆ ಎಲ್ಲ ವಾರ್ಡುಗಳ ಫಲಿತಾಂಶ ಬಂದು ಎರಡೂ ಪಕ್ಷಗಳಿಗೆ ಸರಿಸಮ ಸ್ಥಾನವಾದವು. ಪಂಚಾಯಿತಿಯಲ್ಲಿ ಓಟಿನ ಹಕ್ಕಿರುವ ಶಾಸಕರದು, ಸಂಸದರದು ಸೇರಿಸಿದರೂ ಸಮವೇ. ಅಧ್ಯಕ್ಷರು ಯಾರಾಗಬೇಕೆಂಬುದು ನನ್ನ ಕೈಯಲ್ಲಿ ಬಂದು ಕೂತಿತು.

ಬೆಳಗಾಗುವಷ್ಟರಲ್ಲಿ ನಮ್ಮ ಓಣಿಯಲ್ಲಿ ಎರಡು ದೊಡ್ಡ ಕಾರು. ಒಂದು ಕಡೆಯವರು ಬಹಳ ವಿನಯದಿಂದ ಹೇಳಿದರು: “ಮನ್ಯಾರೆಲ್ಲ ಬರ್ರಿ ಅಕ್ಕಾರ, ಹಂಪಿ ಕಡೆ ರೆಸಾರ್ಟ್‌ನಾಗ ನಾಲ್ಕು ದಿನ ಆರಾಮ್ ಇದ್ದು ಬರಾಣ. ಭಾಳ ದಣದೀರಿ.”

“ಹಂಪಿ ನಾವು ನೋಡೀವ್ರಿ,” ಎಂದರು ಅತ್ತೆ. “ಇಲ್ಲೇ ಕುಂದ್ರಿ, ಚಾ ಕುಡೀರಿ.”

ಎರಡೂ ಕಡೆಯವರಿಗೆ ನಾನು ಒಂದೇ ಮಾತು ಹೇಳಿದೆ. ಮೈದಾನ ಮೈದಾನವಾಗಿಯೇ ಉಳಿಯುತ್ತದೆಂದು ಊರಿನ ಮುಂದೆ ಬರೆದು ಸಹಿ ಹಾಕಿದವರಿಗೆ ನನ್ನ ಓಟು. ಬೇರೇನೂ ಬೇಡ. ಒಂದು ಪಕ್ಷದವರು ನೋಡೋಣ ಎಂದು ಎದ್ದರು. ಇನ್ನೊಂದು ಪಕ್ಷದವರು ಎರಡು ದಿನ ಬಿಟ್ಟು ಬಂದು ಒಂದು ಷರತ್ತು ಹಾಕಿದರು: ರಸ್ತೆಯ ಕಡೆ ಹತ್ತು ಹೆಜ್ಜೆಯಷ್ಟು ಅಂಚು ಬಿಟ್ಟುಕೊಡಬೇಕು, ಅಲ್ಲಿ ಒಂದು ಸಾಲು ಅಂಗಡಿ ಬರುತ್ತದೆ.

ಕ್ಯಾಪ್ಟನ್ ಒಪ್ಪಲಿಲ್ಲ. “ಹತ್ತು ಹೆಜ್ಜೆ ಇವತ್ತು. ನಾಳೆ ಇನ್ನ ಹತ್ತು.” ಅವನ ಭಯ ನನಗೂ ಇತ್ತು. ಆಚಾರ್ರು ನನ್ನ ಟೇಪನ್ನು ಸಾಲದೆಂದು ಪಕ್ಕಕ್ಕಿಟ್ಟು, ಉದ್ದನೆಯ ಹಗ್ಗ ತರಿಸಿ, ಸುಡುಬಿಸಿಲಿನಲ್ಲಿ ನಾಲ್ಕೂ ಕಡೆ ಅಳೆದರು. ಅಂಚು ಹೋದರೂ ಪಂದ್ಯದ ನಿಯಮಕ್ಕೆ ಬೇಕಾದ ಅಗಲ ಉಳಿಯುತ್ತಿತ್ತು. ಆದರೆ ನೋಡುವವರು ಕೂರುತ್ತಿದ್ದ ದಿಬ್ಬ ಹೋಗುತ್ತಿತ್ತು. ನಾನು ರೊಟ್ಟಿ ತಟ್ಟುವ ಆಕೆಯನ್ನೂ ಕರೆಸಿದೆ. “ಅಂಗಡಿಯಾಗ ಹೆಣ್ಣುಮಕ್ಕಳಿಗೆ ಮೊದಲು ಕೊಡ್ತೀವಿ ಅಂತ ಅದನ್ನೂ ಬರಸು,” ಎಂದಳು. ಬರೆಸಿದೆವು. ಉಳಿದ ಮೈದಾನದ ಗಡಿಯನ್ನು ದಾಖಲೆಯಲ್ಲಿ ಸೇರಿಸಿ ಬೇಲಿ ಹಾಕಬೇಕೆಂಬುದನ್ನೂ ಬರೆಸಿದೆವು. ಕ್ಯಾಪ್ಟನ್ ಅಂದಿನಿಂದ ನನ್ನೊಡನೆ ಮಾತು ಬಿಟ್ಟ. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು; ನಾನು ಕೊಟ್ಟದ್ದು ಅವನಪ್ಪ ಕಲ್ಲು ಹೊತ್ತು ಕಟ್ಟಿದ ದಿಬ್ಬ.

ಅವರು ಊರಿನ ಮುಂದೆ ಸಹಿ ಹಾಕಿದರು, ನನ್ನ ಓಟಿನಿಂದ ಅವರ ಕಡೆಯವರು ಅಧ್ಯಕ್ಷರಾದರು. ಮೊದಲ ಸಾಮಾನ್ಯ ಸಭೆಯಲ್ಲಿ ನಿರ್ಣಯ ಓದಿದರು. “ಒಪ್ಪಿಗೆ ಇರುವವರು ಕೈ ಎತ್ತಿ,” ಎಂದರು. ನಾನು ಎರಡೂ ಕೈ ಎತ್ತಿದೆ. ಮುಖ್ಯಾಧಿಕಾರಿಗಳು ನಗುತ್ತ, “ಒಂದು ಸಾಕ್ರಿ ಮೇಡಂ,” ಎಂದರು.

ಆ ಕೆಂಪು ಗೂಟ ಕಿತ್ತ ಭಾನುವಾರ ದರೋಜಿ ಕಡೆಯ ಟೀಮಿನೊಡನೆ ಪಂದ್ಯವಿತ್ತು. ಹೆಂಗಸರು ಚಾಪೆ ತಂದು ಅಂಚಿನಲ್ಲಿ ಕೂತಿದ್ದರು. ಕ್ಯಾಪ್ಟನ್ ನನ್ನ ಪಕ್ಕ ಬಂದು ನಿಂತು, ಆಟದ ಮೇಲಿನ ಕಣ್ಣು ತೆಗೆಯದೆ, “ಎಡಗಡೆಯವ ನಿಂತಾಂಗ ನಿಂತಾನ, ನೋಡಕ್ಕಾ,” ಎಂದ. ಮಾತು ಮತ್ತೆ ಶುರುವಾಯಿತು. ಎರಡು ಗೋಲಿನಿಂದ ನಾವು ಹಿಂದಿದ್ದೆವು. ನಾನು ಎದ್ದು ನಿಂತು, ಎಡಗಡೆಯವನ ಹೆಸರು ಹಿಡಿದು ಕೂಗುತ್ತಿದ್ದೆ. ಆಗ ಮೂರನೇ ಓಣಿಯ ಹಿರಿಯರೊಬ್ಬರು ಖಾಲಿ ಕೊಡ ಹಿಡಿದು ನೇರ ನನ್ನ ಬಳಿ ಬಂದರು.

“ಮೆಂಬರ್ ಅಮ್ಮಾ, ನಳದಾಗ ನೀರು ಬಂದು ನಾಲ್ಕು ದಿನ ಆತು.”

“ಬರ್ತೀನಿ ಯಜಮಾನ್ರ,” ಎಂದೆ. “ಹಾಫ್ ಟೈಮಿಗೆ ಐದ ನಿಮಿಷ ಐತಿ. ಕುಂದ್ರಿ, ಆಟ ನೋಡ್ರಿ.”

ಅವರು ಕೊಡ ಬೋರಲು ಹಾಕಿ ಅದರ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಅವರೂ ಕೂಗತೊಡಗಿದರು.